ಗರ್ಭಪಾತ ಹೆಣ್ಣಿನ ಆಯ್ಕೆ ಎಂದಾದರೆ ಖರ್ಚು ಯಾರದು? ಏನಿದು ಅಮೆರಿಕದ ಹೈಡ್ ತಿದ್ದುಪಡಿ?

ಅಮೆರಿಕದ ಗರ್ಭಪಾತ ವಿವಾದವನ್ನು ಭ್ರೂಣದ ಜೀವ ಮತ್ತು ಹೆಣ್ಣಿನ ಆಯ್ಕೆಯ ನಡುವಿನ ಜಗಳ ಎಂದೇ ಸಾಮಾನ್ಯವಾಗಿ ನೋಡಲಾಗುತ್ತದೆ. ಆದರೆ ಆ ಆಯ್ಕೆಯ ಖರ್ಚನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು.

ಖಾಸಗಿ ಹಕ್ಕು: 1973ರ ಜನವರಿ 22ರಂದು 'ರೋ ವರ್ಸಸ್ ವೇಡ್' ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಗರ್ಭಪಾತದ ನಿರ್ಧಾರವು ಖಾಸಗಿತನದ ಹಕ್ಕಿಗೆ ಸೇರಿದ್ದು ಎಂದು 7-2ರ ಬಹುಮತದಿಂದ ತೀರ್ಪು ನೀಡಿತು. ಸರ್ಕಾರ ಅಡ್ಡ ಬರಬಾರದು ಎಂಬುದಷ್ಟೇ ಖಾಸಗಿ ಹಕ್ಕಿನ ಅರ್ಥವೇ, ನೆರವನ್ನೂ ಕೊಡಬೇಕೇ ಎಂಬ ಪ್ರಶ್ನೆ ಆಮೇಲೆ ಎದ್ದಿತು.

ಹೈಡ್ ತಿದ್ದುಪಡಿ: ಸಂಸದ ಹೆನ್ರಿ ಹೈಡ್ ಮಂಡಿಸಿದ ತಿದ್ದುಪಡಿಗೆ 1976ರಲ್ಲಿ ಒಪ್ಪಿಗೆ ಸಿಕ್ಕಿತು. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನ ಕೇಂದ್ರ ಹಣವನ್ನು ಗರ್ಭಪಾತಕ್ಕೆ ಬಳಸುವುದನ್ನು ಇದು ತಡೆಯಿತು. ಅತ್ಯಾಚಾರ, ರಕ್ತಸಂಬಂಧಿಯಿಂದಾದ ಗರ್ಭ ಹಾಗೂ ತಾಯಿಯ ಜೀವಕ್ಕೆ ಅಪಾಯವಿರುವ ಸಂದರ್ಭಗಳಿಗೆ ಈಗ ವಿನಾಯಿತಿಯಿದೆ. ಕೆಲವು ರಾಜ್ಯಗಳು ಸ್ವಂತ ಹಣದಿಂದ ಈ ವೆಚ್ಚ ಭರಿಸುತ್ತವೆ. ಗರ್ಭಪಾತವನ್ನು ಒಪ್ಪದವರ ತೆರಿಗೆ ಹಣ ಅದಕ್ಕೆ ಹೋಗಬಾರದು ಎಂಬುದು ತಿದ್ದುಪಡಿ ಬೆಂಬಲಿಗರ ವಾದ.

1980ರಲ್ಲಿ 'ಹ್ಯಾರಿಸ್ ವರ್ಸಸ್ ಮೆಕ್‌ರೇ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಇದನ್ನು ಎತ್ತಿಹಿಡಿಯಿತು. ಮಹಿಳೆಯ ಬಡತನ ಸರ್ಕಾರ ಒಡ್ಡಿದ ಅಡ್ಡಿಯಲ್ಲ, ಹೀಗಾಗಿ ಅದನ್ನು ನಿವಾರಿಸುವ ಹೊಣೆಯೂ ಸರ್ಕಾರದ್ದಲ್ಲ ಎಂಬುದು ತೀರ್ಪಿನ ತಿರುಳು.

ಹೆತ್ತರೂ ಹೊಣೆ ಅವಳದೇ: ಸರ್ಕಾರದ ನೆರವು ಕಡಿಮೆಯಾಗಬೇಕು, ಬದುಕಿನ ಲಾಭ ನಷ್ಟಕ್ಕೆ ವ್ಯಕ್ತಿಯೇ ಹೊಣೆ ಎನ್ನುವುದು ನವಉದಾರವಾದದ ನಿಲುವು. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಲ್ಯಾಣ ಸುಧಾರಣಾ ಕಾಯ್ದೆಯ ಹೆಸರಿನಲ್ಲೇ 'ವೈಯಕ್ತಿಕ ಹೊಣೆಗಾರಿಕೆ' ಎಂಬ ಪದವಿದೆ. ಬಡ ಕುಟುಂಬಗಳಿಗೆ ಕೇಂದ್ರದ ಹಣದಿಂದ ಸಿಗುವ ನಗದು ನೆರವಿಗೆ ಅದು ಸಾಮಾನ್ಯವಾಗಿ ಐದು ವರ್ಷಗಳ ಮಿತಿ ಹಾಕಿತು. ನೆರವು ಪಡೆಯುತ್ತಿರುವಾಗ ಇನ್ನೊಂದು ಮಗು ಹುಟ್ಟಿದರೆ ಹೆಚ್ಚುವರಿ ಹಣವಿಲ್ಲ ಎಂಬ ನಿಯಮವನ್ನು ಹಲವು ರಾಜ್ಯಗಳು ತಂದವು. 1993ರ ಕೇಂದ್ರ ಕಾಯ್ದೆ ಕೊಡುವ 12 ವಾರಗಳ ರಜೆಗೂ ಸಂಬಳವಿಲ್ಲ. ಅಂದರೆ ಗರ್ಭಪಾತ ಮಾಡಿಸಿಕೊಂಡರೂ, ಹೆತ್ತರೂ ಬಡ ಮಹಿಳೆಯ ಪಾಲಿಗೆ ಖರ್ಚು ತಪ್ಪದು.

ಈ ಕಾರಣಕ್ಕೇ 1994ರಲ್ಲಿ ಕಪ್ಪು ಮಹಿಳಾ ಹೋರಾಟಗಾರರು 'ಸಂತಾನ ನ್ಯಾಯ' ಎಂಬ ಪರಿಕಲ್ಪನೆ ಮುಂದಿಟ್ಟರು. ಮಗು ಬೇಡವೆನ್ನುವುದರ ಜೊತೆಗೆ, ಬೇಕೆಂದಾಗ ಹೆತ್ತು ಸುರಕ್ಷಿತವಾಗಿ ಬೆಳೆಸುವುದೂ ಹಕ್ಕು ಎಂಬುದು ಅವರ ವಾದ.

2022ರ ಜೂನ್ 24ರಂದು 'ಡಾಬ್ಸ್' ತೀರ್ಪು ರೋ ತೀರ್ಪನ್ನೇ ರದ್ದುಗೊಳಿಸಿತು. ಈಗ ನಿಷೇಧವಿರುವ ರಾಜ್ಯಗಳಿಂದ ಬೇರೆ ರಾಜ್ಯಕ್ಕೆ ಹೋಗಬೇಕಾದವರಿಗೆ ಪ್ರಯಾಣ, ವಸತಿ, ಕೈತಪ್ಪುವ ಕೂಲಿಯ ಹೊರೆಯೂ ಸೇರಿದೆ. ಹಣವಿದ್ದವರಿಗೆ ದಾರಿ ಉಳಿದಿದೆ, ಇಲ್ಲದವರಿಗೆ 1976ರ ಪ್ರಶ್ನೆಯೇ ಇನ್ನಷ್ಟು ಕಠಿಣವಾಗಿ ಎದುರಾಗಿದೆ.