ಪಂಕ್ಚರ್ ಹಾಕಿಸಿದರೆ ಸಾಕೇ, ಟೈರ್ ಬದಲಿಸಲೇಬೇಕೇ? ಬಂಡೀಪುರ ಕಾಡು ದಾಟುವ ಮುನ್ನ ತಿಳಿದಿರಲಿ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಹಂಗಳ ಸಿಗುತ್ತದೆ. ಅದನ್ನು ದಾಟಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಬಂತೆಂದರೆ ಮುಂದೆಲ್ಲ ಬಂಡೀಪುರದ ಕಾಡು. ಒಳಗೆ ವಾಹನ ನಿಲ್ಲಿಸುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೂ ನಿರ್ಬಂಧವಿದೆ. ಇಂಥ ಕಡೆ ಟೈರ್ ಕೈಕೊಟ್ಟರೆ ಆನೆ ಓಡಾಡುವ ಜಾಗದಲ್ಲಿ ಜಾಕ್ ಹಾಕಿಕೊಂಡು ಕೂರಬೇಕಾಗುತ್ತದೆ. ಮಸಿನಗುಡಿ ಮೇಲೆ ಊಟಿಗೆ ಹೋಗುವವರಿಗೆ ಅದರಾಚೆ ಕಲ್ಲಟ್ಟಿ ಘಾಟಿಯ 36 ತಿರುವುಗಳೂ ಕಾದಿರುತ್ತವೆ.

ಹಾಗೆಂದು ಪಂಕ್ಚರ್ ಆದಾಗಲೆಲ್ಲ ಹೊಸ ಟೈರ್ ಕೊಳ್ಳಬೇಕಿಲ್ಲ. ಯಾವುದನ್ನು ರಿಪೇರಿ ಮಾಡಿಸಬಹುದು, ಯಾವುದನ್ನು ಬದಲಿಸಲೇಬೇಕು? ವಾಟ್ಸ್ಆಪ್‌ನಲ್ಲಿ ಬರುವ ಸಲಹೆಗಳಲ್ಲಿ ಎಷ್ಟು ನಿಜ? ನೋಡೋಣ.

ಮೊದಲು ಕೇಳಬೇಕಾದ ಪ್ರಶ್ನೆ: ತೂತು ಎಲ್ಲಿದೆ?

ತೂತು ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದು ಮುಖ್ಯ. ರಸ್ತೆಗೆ ತಾಗುವ ಭಾಗವನ್ನು ನಾವು ಬಟನ್ ಎನ್ನುತ್ತೇವೆ, ಕಂಪನಿಯವರು ಟ್ರೆಡ್ ಎನ್ನುತ್ತಾರೆ. ಅದರಡಿ ಉಕ್ಕಿನ ತಂತಿಗಳ ಪಟ್ಟಿ ಇರುವುದರಿಂದ ಆ ಭಾಗ ಹೆಚ್ಚು ಬಾಗುವುದಿಲ್ಲ. ಇಲ್ಲಿ ಮೊಳೆ ಚುಚ್ಚಿ ಆದ ತೂತು 6 ಮಿ.ಮೀ. ಒಳಗಿದ್ದರೆ ರಿಪೇರಿ ಮಾಡಿಸಬಹುದು.

ಟೈರಿನ ಪಕ್ಕದ ಗೋಡೆ ಹಾಗಲ್ಲ. ಚಕ್ರದ ಪ್ರತಿ ಸುತ್ತಿಗೂ ಅದು ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಒಳಗಿರುವುದು ನೂಲಿನ ಎಳೆಗಳ ಪದರ. ಎಳೆ ಕಡಿದರೆ ಮೇಲೆ ಅಂಟಿಸಿದ ರಬ್ಬರ್ ಅದಕ್ಕೆ ಬಲ ಕೊಡುವುದಿಲ್ಲ. ಆದ್ದರಿಂದ ಪಕ್ಕದ ಗೋಡೆಯಲ್ಲಿ ತೂತು, ಸೀಳು ಅಥವಾ ಉಬ್ಬು ಕಂಡರೆ ಟೈರ್ ಬದಲಿಸಲೇಬೇಕು. ಬಟನ್ ಹೊಸದರಂತಿದ್ದರೂ ಇದಕ್ಕೆ ವಿನಾಯಿತಿ ಇಲ್ಲ.

ಮಾತು 1: "ಉಬ್ಬು ಬಂದರೆ ಗಾಳಿ ಕಡಿಮೆ ಮಾಡಿ ಓಡಿಸಬಹುದು"

ತಪ್ಪು. ಗುಂಡಿಗೆ ಅಥವಾ ಹಂಪ್‌ಗೆ ಜೋರಾಗಿ ಬಡಿದಾಗ ಒಳಗಿನ ಎಳೆಗಳು ಕಡಿಯುತ್ತವೆ. ಗಾಳಿ ಅಲ್ಲಿ ರಬ್ಬರನ್ನು ಹೊರಕ್ಕೆ ತಳ್ಳುವುದರಿಂದ ಉಬ್ಬು ಕಾಣುತ್ತದೆ. ಗಾಳಿ ಇಳಿಸಿದರೆ ಗೋಡೆ ಇನ್ನೂ ಹೆಚ್ಚು ಬಾಗುತ್ತದೆ, ಟೈರ್ ಬೇಗ ಒಡೆಯುತ್ತದೆ. ತಕ್ಷಣ ಸ್ಟೆಪ್ನಿ ಹಾಕಿಕೊಳ್ಳಿ.

ಮಾತು 2: "ಬೇಸಿಗೆಯಲ್ಲಿ ಗಾಳಿ ಕಡಿಮೆ ಇರಲಿ, ಇಲ್ಲದಿದ್ದರೆ ಟೈರ್ ಸಿಡಿಯುತ್ತದೆ"

ಅತಿ ಹೆಚ್ಚು ಹರಿದಾಡುವ ಮಾತು ಇದು. ಅಪಾಯಕಾರಿಯೂ ಹೌದು. ಗಾಳಿ ಕಡಿಮೆಯಾದರೆ ಟೈರ್ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ. ಆ ಬಿಸಿಯೇ ಟೈರ್ ಒಡೆಯಲು ದೊಡ್ಡ ಕಾರಣ. ಓಡುವಾಗ ಒತ್ತಡ ಸ್ವಲ್ಪ ಏರುವುದು ಸಹಜ, ಅದನ್ನು ಲೆಕ್ಕ ಹಾಕಿಯೇ ಕಂಪನಿ ಅಳತೆ ಕೊಟ್ಟಿರುತ್ತದೆ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿರುವ ಚೀಟಿ ನೋಡಿ, ಟೈರ್ ತಣ್ಣಗಿರುವಾಗ ಅಷ್ಟೇ ಗಾಳಿ ಹಾಕಿಸಿ.

ಮಾತು 3: "ನೈಟ್ರೋಜನ್ ಹಾಕಿಸಿದರೆ ಚಿಂತೆಯೇ ಇಲ್ಲ"

ಅರ್ಧ ಸತ್ಯ. ಮಾಮೂಲಿ ಗಾಳಿಯಲ್ಲೇ ಸುಮಾರು 78 ಭಾಗ ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರಬಹುದು, ಅಷ್ಟೇ. ಸವೆದ ಬಟನ್, ಕಡಿದ ಎಳೆ ಇದರಿಂದ ಸರಿಹೋಗುವುದಿಲ್ಲ.

ಮಾತು 4: "ಸವೆದ ಟೈರ್‌ಗೆ ಬಟನ್ ಕೊರೆಸಿದರೆ ಹೊಸದರಂತೆ ಆಗುತ್ತದೆ"

ಬಿಸಿ ಮಾಡಿದ ಕತ್ತಿಯಿಂದ ಸವೆದ ಟೈರಿನಲ್ಲಿ ಗೀರು ಕೊರೆದು ಸೆಕೆಂಡ್ ಹ್ಯಾಂಡ್ ಎಂದು ಮಾರುವುದುಂಟು. ಕಾರಿನ ಟೈರ್‌ಗೆ ಇದು ಖಂಡಿತ ಬೇಡ. ಉಕ್ಕಿನ ಪಟ್ಟಿಯ ಮೇಲೆ ಉಳಿದಿದ್ದ ತೆಳು ರಬ್ಬರನ್ನೂ ಕೊರೆದು ತೆಗೆದಂತಾಗುತ್ತದೆ. ಲಾರಿ, ಬಸ್‌ಗಳ ಟೈರ್‌ಗೆ ಮಾಡುವ ರಿಟ್ರೆಡಿಂಗ್ ಬೇರೆಯೇ ಕೆಲಸ. ಅಲ್ಲಿ ಗಟ್ಟಿಮುಟ್ಟಾದ ಹಳೆ ಟೈರನ್ನು ಪರೀಕ್ಷಿಸಿ, ಮೇಲೆ ಹೊಸ ರಬ್ಬರ್ ಪದರ ಕೂರಿಸುತ್ತಾರೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಬಟನ್ ಎಷ್ಟು ಸವೆದರೆ ಬದಲಿಸಬೇಕು?

ಕಾರಿಗೆ ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಅಳತೆ ಕಷ್ಟವೇನಲ್ಲ. ಟೈರಿನ ಉದ್ದ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಬಟನ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು. ಇನ್ನೊಂದು ಉಪಾಯ: ಗೀರಿನೊಳಗೆ ಬೆಂಕಿಕಡ್ಡಿ ಇಟ್ಟು ಉಗುರಿನಿಂದ ಗುರುತು ಮಾಡಿ ಸ್ಕೇಲಿನಲ್ಲಿ ಅಳೆಯಿರಿ. 3 ಮಿ.ಮೀ.ಗೆ ಇಳಿದಿದ್ದರೆ ಮಳೆಗಾಲಕ್ಕೆ ಮುಂಚೆಯೇ ಬದಲಿಸುವುದು ಒಳ್ಳೆಯದು.

ಕಾರಣ ಸರಳ. ಒಂದೊಂದು ಟೈರ್ ರಸ್ತೆಗೆ ತಾಗುವುದು ಹೆಚ್ಚುಕಡಿಮೆ ಅಂಗೈ ಅಗಲದಷ್ಟು ಮಾತ್ರ. ಮಳೆಯಲ್ಲಿ ಅಲ್ಲಿನ ನೀರನ್ನು ಹೊರಹಾಕುವುದು ಈ ಗೀರುಗಳು. ಗೀರು ಇಲ್ಲದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕೂ ಹಿಡಿಯದು, ಸ್ಟೇರಿಂಗೂ ಕೇಳದು.

ಹೇಗೆ ಸವೆದಿದೆ ಎಂಬುದನ್ನೂ ನೋಡಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಿತ್ತು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿರಬಹುದು. ಇದನ್ನು ಸರಿಪಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಕಾರು ಹೆಚ್ಚು ಓಡದಿದ್ದರೂ ರಬ್ಬರ್ ಹಳತಾಗುತ್ತದೆ. ಟೈರ್ ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಬಿರುಕು ಬಿಟ್ಟಿದ್ದರೆ ಅಥವಾ ಹತ್ತು ವರ್ಷ ಆಗಿದ್ದರೆ ಬಟನ್ ಇದ್ದರೂ ಬೇಡ. ಸ್ಟೆಪ್ನಿಗೂ ಇದೇ ಲೆಕ್ಕ.

ಪಂಕ್ಚರ್ ಹಾಕಿಸುವಾಗ

ಟ್ಯೂಬ್‌ಲೆಸ್ ಟೈರ್‌ಗೆ ಹೊರಗಿನಿಂದಲೇ ದಾರದಂಥ ಪಟ್ಟಿ ತುರುಕುವುದು ಸದ್ಯಕ್ಕೆ ಊರು ಸೇರಲು ಸಾಕು. ಶಾಶ್ವತ ರಿಪೇರಿಗೆ ಟೈರನ್ನು ರಿಮ್‌ನಿಂದ ಬಿಚ್ಚಿ, ಒಳಗೆ ನೋಡಿ, ತೂತು ತುಂಬುವ ಮತ್ತು ಒಳಗಿನಿಂದ ಅಂಟುವ ಅಣಬೆಯಾಕಾರದ ಪ್ಯಾಚ್ ಹಾಕಬೇಕು. ಗಾಳಿ ಇಲ್ಲದೆ ಓಡಿದ ಟೈರ್ ಆದರೆ ಬಿಚ್ಚಿ ನೋಡದೆ ರಿಪೇರಿ ಬೇಡ. ಒಳಗೆ ರಬ್ಬರ್ ಪುಡಿ ಕಂಡರೆ ಗೋಡೆ ಅರೆದುಹೋಗಿದೆ ಎಂದರ್ಥ.

ಎರಡೇ ಹೊಸ ಟೈರ್ ಕೊಂಡರೆ ಹಿಂದಿನ ಚಕ್ರಗಳಿಗೆ ಹಾಕಿಸಿ. ಮುಂದಕ್ಕೆ ಹಾಕಬೇಕೆಂಬ ನಂಬಿಕೆ ಇದೆ, ಆದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಹಿಡಿತಕ್ಕೆ ತರುವುದು ಬಹಳ ಕಷ್ಟ.

ಹಂಗಳದಲ್ಲಿ ಐದು ನಿಮಿಷ ನಿಲ್ಲಿ

ಕಾಡಿಗೆ ಮುನ್ನ ಗಾಡಿ ಬದಿಗೆ ಹಾಕಿ ನಾಲ್ಕೂ ಟೈರ್ ಸುತ್ತ ಒಮ್ಮೆ ನೋಡಿ. ಉಬ್ಬು, ಸೀಳು, ಮೊಳೆ ಇದೆಯೇ? ಸ್ಟೆಪ್ನಿಯಲ್ಲಿ ಗಾಳಿ ಇದೆಯೇ? 2020ರ ನಿಯಮದ ನಂತರ ಕೆಲವು ಕಾರುಗಳಿಗೆ ಸ್ಟೆಪ್ನಿ ಬದಲು ರಿಪೇರಿ ಕಿಟ್ ಮಾತ್ರ ಬರುತ್ತದೆ. ಕಿಟ್ಟಿನ ಅಂಟುದ್ರವ ಬಟನ್ ಭಾಗದ ಸಣ್ಣ ತೂತಿಗೆ ಸರಿ, ಪಕ್ಕದ ಸೀಳಿಗೆ ಉಪಯೋಗವಿಲ್ಲ.

ಕಾಡಿನ ನಡುವೆಯೇ ಪಂಕ್ಚರ್ ಆದರೆ? ಮೊಳೆ ಕೀಳಬೇಡಿ, ಕಿತ್ತರೆ ಗಾಳಿ ಬೇಗ ಹೋಗುತ್ತದೆ. ನಿಧಾನವಾಗಿ ಚೆಕ್‌ಪೋಸ್ಟ್‌ವರೆಗೆ ಹೋಗಲು ನೋಡಿ. ಗಾಳಿ ಪೂರ್ತಿ ಹೋಗಿದ್ದರೂ ಆನೆ ಹತ್ತಿರದಲ್ಲಿದ್ದರೆ ಇಳಿಯಬೇಡಿ. ಹಾಗೆ ಉರುಳಿಸಿಕೊಂಡು ಹೋದರೆ ಟೈರ್ ಹಾಳಾಗಬಹುದು. ಹಾಳಾಗಲಿ, ಟೈರ್ ಅಂಗಡಿಯಲ್ಲಿ ಸಿಗುತ್ತದೆ.

ನಮ್ಮ ತೀರ್ಮಾನ: ಬಟನ್ ಭಾಗದ ಸಣ್ಣ ತೂತಿಗೆ ರಿಪೇರಿ. ಪಕ್ಕದ ಗೋಡೆಗೆ ಪೆಟ್ಟು, ದಿಬ್ಬದ ಮಟ್ಟಕ್ಕೆ ಸವೆತ, ಬಿರುಕು ಕಂಡರೆ ಬದಲಾವಣೆ. "ಬೇಸಿಗೆಯಲ್ಲಿ ಗಾಳಿ ಇಳಿಸಿ" ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಬದಲಿಗೆ ಇದನ್ನು ಕಳಿಸಿ.