ಹಗೇವಿನಿಂದ ಪಡಿತರ ಚೀಲದವರೆಗೆ: ನಮ್ಮ ಸೀಮೆಯ ಊಟದ ಲೆಕ್ಕ

ಹಗೇವು ಎಂಬ ಮಾತು ನಮ್ಮ ಲಿಂಗಸುಗೂರು ಸೀಮೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ಆ ಮಾತು ಸೂಚಿಸುವ ವಸ್ತು ಮಾತ್ರ ಬಹುಮಟ್ಟಿಗೆ ಕಣ್ಮರೆಯಾಗಿದೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ತರಗತಿಯಲ್ಲಿ ಈ ಪದದ ಅರ್ಥ ಕೇಳಿದರೆ ಮಕ್ಕಳು ‘ಹಗೆ ಅಂದರೆ ವೈರ, ಸರ್’ ಎಂದು ಉತ್ತರಿಸುತ್ತಿದ್ದರು. ಹಗೇವು ಎಂದರೆ ವೈರವಲ್ಲ, ಜೋಳವನ್ನು ತುಂಬಿಡುವ ನೆಲದಡಿಯ ಕಣಜ ಎಂದು ಹೇಳಿದಾಗ ಅವರಿಗೆ ಅದು ಕತೆಯಂತೆ ಕೇಳಿಸುತ್ತಿತ್ತು.

ಇತ್ತೀಚೆಗೆ ಪತ್ರಿಕೆಗಳಲ್ಲಿ ಮೂರು ಉಪದೇಶಗಳು ಮೇಲಿಂದ ಮೇಲೆ ಬರುತ್ತಿವೆ. ಕಡಿಮೆ ಖರ್ಚಿನಲ್ಲಿ ಉಣ್ಣಿರಿ, ಆರೋಗ್ಯಕರವಾದುದನ್ನು ಉಣ್ಣಿರಿ, ಅನ್ನವನ್ನು ಚೆಲ್ಲಬೇಡಿರಿ. ಇವು ಮೂರು ಬೇರೆ ಬೇರೆ ವಿಷಯಗಳೆಂಬಂತೆ ಬರೆಯಲಾಗುತ್ತದೆ. ನಮ್ಮ ಭಾಗದ ಚರಿತ್ರೆಯನ್ನು ನೋಡಿದರೆ ಇವು ಒಂದೇ ಲೆಕ್ಕದ ಮೂರು ಸಾಲುಗಳು. ಆ ಲೆಕ್ಕವನ್ನು ಬರೆದವರು ಯಾರು, ಅದು ಯಾವಾಗ ತಪ್ಪಿತು, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಮುದಗಲ್ಲಿನ ಸಮೀಪದ ಪಿಕ್ಲಿಹಾಳ ಗುಡ್ಡಗಳಲ್ಲಿ 1952ರಲ್ಲಿ ಎಫ್. ಆರ್. ಆಲ್ಚಿನ್ ಅವರು ಉತ್ಖನನ ನಡೆಸಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಗುರುತಿಸಿದರು. ಅದೇ ಸಂಸ್ಕೃತಿಗೆ ಸೇರಿದ ಬಳ್ಳಾರಿ ಭಾಗದ ನೆಲೆಗಳಲ್ಲಿ ಸುಟ್ಟು ಕರಿಯಾಗಿ ಉಳಿದ ಕಾಳುಗಳನ್ನು ಮುಂದೆ ವಿದ್ವಾಂಸರು ಪರೀಕ್ಷಿಸಿದಾಗ ಹೆಚ್ಚಾಗಿ ಕಂಡುಬಂದದ್ದು ಕೊರಲೆಯಂತಹ ಕಿರುಧಾನ್ಯ, ಹುರುಳಿ ಮತ್ತು ಹೆಸರು. ನಾವು ‘ನಮ್ಮದು’ ಎನ್ನುವ ಜೋಳವೂ ಸಜ್ಜೆಯೂ ಮೂಲತಃ ಆಫ್ರಿಕದವು. ಆಮೇಲೆ ಬಂದು ಈ ಎರೆಭೂಮಿಗೆ ಒಗ್ಗಿಕೊಂಡವು. ಧಾನ್ಯ ಬದಲಾದರೂ ಪದ್ಧತಿ ಬದಲಾಗಲಿಲ್ಲ. ಒಂದು ತೃಣಧಾನ್ಯ, ಒಂದು ದ್ವಿದಳ ಧಾನ್ಯ, ಜೊತೆಗೆ ಹೈನು. ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ಈ ಜೋಡಣೆ ನಮ್ಮ ರೊಟ್ಟಿ, ಕಾಳುಪಲ್ಯ, ಮಜ್ಜಿಗೆಯ ಊಟದಲ್ಲಿ ಇಂದಿಗೂ ಜೀವಂತವಾಗಿದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶವನ್ನು ಚರಿತ್ರೆಯಲ್ಲಿ ರಾಯಚೂರು ದೋಆಬ್ ಎನ್ನುತ್ತಾರೆ. ಎರಡು ದೊಡ್ಡ ನದಿಗಳಿದ್ದರೂ ಹೊಲಕ್ಕೆ ನೀರಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ನಂಬಿಕೆಗೆ ಬಾರದ್ದು. ಬಹಮನಿ ಮತ್ತು ವಿಜಯನಗರದ ಅರಸರು, ಆಮೇಲೆ ಬಿಜಾಪುರದ ಸುಲ್ತಾನರು ಈ ನೆಲಕ್ಕಾಗಿ ಮತ್ತೆ ಮತ್ತೆ ಹೋರಾಡಿದರು. 1520ರ ರಾಯಚೂರು ಯುದ್ಧವನ್ನು ನಾವು ಪಾಠವಾಗಿ ಕಲಿಸಿದ್ದೇವೆ. ಆದರೆ ದಂಡು ಹಾದುಹೋದ ಹಾದಿಯ ರೈತನು ಏನು ಉಂಡನು ಎಂಬುದು ಪಾಠದಲ್ಲಿ ಇರಲಿಲ್ಲ. ಮಳೆಯನ್ನೂ ದಂಡನ್ನೂ ನಂಬಲಾಗದ ರೈತನಿಗೆ ಆಸರೆಯಾದದ್ದು ಹಗೇವು.

ಅದರ ರಚನೆ ಸರಳವಾದರೂ ಅದರ ಹಿಂದಿನ ತಿಳಿವಳಿಕೆ ಸಾಮಾನ್ಯವಾದುದಲ್ಲ. ನೀರು ಬಸಿಯದ ಎತ್ತರದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಳಗೆ ಅಗಲವಾಗಿ ಗುಣಿ ತೋಡುವುದು. ತಳಕ್ಕೂ ಗೋಡೆಗೂ ಒಣಹುಲ್ಲು, ಕಣಿಕೆ, ಹೊಟ್ಟುಗಳನ್ನು ಒತ್ತಾಗಿ ಹಾಸುವುದು. ಚೆನ್ನಾಗಿ ಒಣಗಿದ ಜೋಳವನ್ನು ಹತ್ತಾರು ಚೀಲ ತುಂಬಿ, ಬಾಯಿಗೆ ಕಲ್ಲು ಹಾಸಿ, ಮಣ್ಣು ಮೆತ್ತಿ ಮುಚ್ಚುವುದು. ಒಳಗಿನ ಕಾಳು ಉಸಿರಾಡುತ್ತಲೇ ಇರುತ್ತದೆ. ಅಲ್ಲಿರುವ ಆಮ್ಲಜನಕ ತೀರುತ್ತಾ ಬಂದು ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ನುಸಿ, ಹುಳುಗಳು ಬದುಕುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ರಸಾಯನಶಾಸ್ತ್ರದ ಈ ಪಾಠವನ್ನು ನಮ್ಮವರು ಅನುಭವದಿಂದಲೇ ಕಲಿತಿದ್ದರು. ಇದರಲ್ಲಿ ದೋಷವಿರಲಿಲ್ಲವೆಂದಲ್ಲ. ಗೋಡೆಗೆ ತಾಗಿದ ಕಾಳು ಮುಗ್ಗು ಹಿಡಿದು ಕಪ್ಪಾಗುತ್ತಿತ್ತು. ಉಳಿದ ಜೋಳಕ್ಕೂ ಒಂದು ಬಗೆಯ ವಾಸನೆ ಅಂಟುತ್ತಿತ್ತು. ಆದರೂ ಒಂದು ಸುಗ್ಗಿ ಕೆಟ್ಟರೆ ಹಿಂದಿನ ಸುಗ್ಗಿಯ ಕಾಳು ಮನೆಯವರ ಜೀವ ಹಿಡಿಯುತ್ತಿತ್ತು. ಜೋಳದ ಹಿಟ್ಟು ಬೇಗ ಕಹಿಯಾಗುತ್ತದೆ, ಕಾಳು ಕೆಡುವುದಿಲ್ಲ. ಆದುದರಿಂದ ಕಾಳನ್ನು ಕೂಡಿಟ್ಟು, ಬೇಕಾದಷ್ಟನ್ನೇ ಬೀಸಿಕೊಳ್ಳುವುದು ಇಲ್ಲಿನ ಮೊದಲ ನಿಯಮವಾಯಿತು.

ಹಗೇವು ಬರಿದಾದಾಗ ಏನಾಗುತ್ತದೆ ಎಂಬುದನ್ನು 1876–78ರ ಬರ ತೋರಿಸಿತು. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ಆ ಕ್ಷಾಮವು ಮದ್ರಾಸ್, ಮುಂಬಯಿ ಪ್ರಾಂತಗಳನ್ನೂ ಮೈಸೂರನ್ನೂ, ನಿಜಾಮರ ಆಡಳಿತದಲ್ಲಿದ್ದ ನಮ್ಮ ಭಾಗವನ್ನೂ ಹಣಿಯಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬ್ರಿಟಿಷ್ ಪ್ರಾಂತಗಳ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ ನಿಗದಿಪಡಿಸಿದರು. ಹೆಣ್ಣಾಳಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಮದ್ರಾಸಿನ ವೈದ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕೆಲವು ತಿಂಗಳುಗಳ ಬಳಿಕ ಆ ಪ್ರಮಾಣವನ್ನು ಸುಮಾರು 570 ಗ್ರಾಂ ಧಾನ್ಯ ಮತ್ತು 43 ಗ್ರಾಂ ಬೇಳೆಗೆ ಏರಿಸಲಾಯಿತು. ಕಡಿಮೆ ಖರ್ಚಿನ ಊಟ ಎಂಬ ಮಾತು ಸರಕಾರದ ಕಡತದಲ್ಲಿ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಆ ಅಧಿಕಾರಿ ಮರೆತ 43 ಗ್ರಾಂ ಬೇಳೆಯನ್ನು ನಮ್ಮ ಅಡುಗೆಮನೆಗಳು ಎಂದೂ ಮರೆತಿರಲಿಲ್ಲ.

ನಾನು ಬಾಲ್ಯದಲ್ಲಿ ಕಂಡ ಅಡುಗೆಮನೆ ಬರದ ನೆನಪಿನಿಂದ ರೂಪುಗೊಂಡದ್ದು. ಜೋಳವನ್ನು ಬೀಸಿದಾಗ ಹಿಟ್ಟು ರೊಟ್ಟಿಗೆ. ಒಡೆದ ನುಚ್ಚು ಬೇರೆಯಾಗಿ ಬೆಂದು ಮಜ್ಜಿಗೆಯೊಡನೆ ಮುಂಜಾನೆಯ ಊಟ. ಬಿಸಿ ರೊಟ್ಟಿ ಮಧ್ಯಾಹ್ನಕ್ಕೆ. ಉಳಿದದ್ದನ್ನು ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದರೆ ಖಡಕ್ ರೊಟ್ಟಿ, ಅದು ವಾರಗಟ್ಟಲೆ ಕೆಡದು. ಮುರಿದ ಚೂರುಗಳಿಗೆ ನೀರು ಚಿಮುಕಿಸಿ ಉಳ್ಳಾಗಡ್ಡಿಯೊಡನೆ ಒಗ್ಗರಣೆ. ಪುಂಡಿಪಲ್ಯಕ್ಕೆ ಹಿಡಿ ನುಚ್ಚು, ಹಿಡಿ ತೊಗರಿಬೇಳೆ ಬಿದ್ದರೆ ಅದೇ ಪೂರ್ಣ ಊಟ. ಹೋಳಿಗೆಗೆ ಬೇಳೆ ಬೇಯಿಸಿದ ನೀರೂ ಚೆಲ್ಲದೆ ಕಟ್ಟಿನ ಸಾರಾಗುತ್ತಿತ್ತು. ಸಿಪ್ಪೆ, ತೊಟ್ಟು, ತೊಳೆದ ನೀರು ಕಲಗಚ್ಚಿನ ಬಾನಿಗೆ, ಅಲ್ಲಿಂದ ಎಮ್ಮೆಗೆ. ಎಮ್ಮೆಯಿಂದ ಮಜ್ಜಿಗೆ ಮರಳಿ ನುಚ್ಚಿನ ತಾಟಿಗೆ. ಕೊನೆಗೆ ಉಳಿದದ್ದು ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಕಸ ಎಂಬ ಪ್ರತ್ಯೇಕ ವಸ್ತುವೇ ಆ ಮನೆಯಲ್ಲಿರಲಿಲ್ಲ. ಶರಣರ ಪ್ರಸಾದದ ಕಲ್ಪನೆಯೂ ಇದಕ್ಕೆ ಬೆಂಬಲವಾಗಿತ್ತು. ಉಂಡ ತಾಟನ್ನು ತೊಳೆದು ಆ ನೀರನ್ನೇ ಕುಡಿಯುತ್ತಿದ್ದ ಹಿರಿಯರನ್ನು ನಮ್ಮ ತಲೆಮಾರಿನವರು ಕಂಡಿದ್ದೇವೆ.

ಹೊಲದಲ್ಲಿಯೂ ಇದೇ ಜಾಣ್ಮೆ. ಜೋಳದ ನಡುವೆ ಅಕ್ಕಡಿ ಸಾಲಾಗಿ ತೊಗರಿ, ಹೆಸರು, ಅಲಸಂದಿ; ಬದುವಿಗೆ ಪುಂಡಿ, ಗುರೆಳ್ಳು, ಅಗಸಿ. ಹಿಂಗಾರಿ ಹೊಲದಲ್ಲಿ ಬಿತ್ತದೆ ಬೆಳೆಯುವ ಹಕ್ಕರಕಿ ಸೊಪ್ಪಿಗೆ ಕಾಸು ಕೊಡಬೇಕಾಗಿರಲಿಲ್ಲ. ತೊಳೆದು ಹಸಿಯಾಗಿಯೇ ರೊಟ್ಟಿಯೊಡನೆ ಉಣ್ಣುತ್ತಿದ್ದೆವು.

ಇಷ್ಟು ಬರೆದು ‘ಹಿಂದಿನ ಕಾಲವೇ ಚೆನ್ನ’ ಎಂದು ಮುಗಿಸಿಬಿಡುವುದು ಸುಲಭ. ಆದರೆ ಅದು ಪೂರ್ಣ ಸತ್ಯವಾಗದು. ಈ ಲೆಕ್ಕವನ್ನು ಹೊತ್ತು ನಡೆದವರು ಹೆಣ್ಣುಮಕ್ಕಳು. ಕೋಳಿ ಕೂಗುವ ಮುನ್ನ ಎದ್ದು ಬೀಸುಕಲ್ಲಿನ ಮುಂದೆ ಕೂಡುವುದು, ಹೊಗೆಯ ಒಲೆಯೆದುರು ಹತ್ತಿಪ್ಪತ್ತು ರೊಟ್ಟಿ ಬಡಿಯುವುದು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಾನು ಉಣ್ಣುವುದು. ನಮ್ಮವ್ವ ಬಿಸಿ ರೊಟ್ಟಿ ಉಂಡದ್ದನ್ನು ನಾನು ಕಂಡದ್ದು ಕಡಿಮೆ. ‘ಅನ್ನ ಕೆಡಲಿಲ್ಲ’ ಎಂಬ ಹೆಮ್ಮೆಯ ಹಿಂದೆ, ಉಳಿದುದೆಲ್ಲವೂ ಸೇರುತ್ತಿದ್ದದ್ದು ಒಬ್ಬಳ ತಾಟಿಗೆ ಎಂಬ ಸತ್ಯವಿದೆ. ಉಳಿಯದ ದಿನ ಅವಳಿಗೆ ಊಟವೂ ಇಲ್ಲ. ಮಿತವ್ಯಯದ ಚರಿತ್ರೆ ಬರೆಯುವವರು ಈ ಸಾಲನ್ನು ಬಿಡಬಾರದು.

ಬದಲಾವಣೆ ಬಂದದ್ದು ನೀರಿನ ಮೂಲಕ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಸಿಂಧನೂರು ಕಡೆಗೆ ಹರಿಯಿತು. ಬರದ ನಾಡಿನ ಹೆಚ್ಚು ಜನರಿಗೆ ನೀರು ಸಿಗಲೆಂದು ಜೋಳ, ಹತ್ತಿ, ಶೇಂಗಾದಂತಹ ಮಿತ ನೀರಿನ ಬೆಳೆಗಳನ್ನೇ ಮುಖ್ಯವಾಗಿ ಯೋಜಿಸಲಾಗಿತ್ತು. ಆದರೆ ಭತ್ತದ ಲಾಭ ಹೆಚ್ಚು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತ ಬೆಳೆದರು, ಸ್ಥಳೀಯರೂ ಅನುಸರಿಸಿದರು. ಕಾಲುವೆಯ ತಲೆಯಲ್ಲಿ ಗದ್ದೆ, ಕೊನೆಯಲ್ಲಿ ಒಣಗಿದ ತೂಬು. ಸಿಂಧನೂರು ಭತ್ತದ ಕಣಜವಾಯಿತು. ದುಡಿಮೆಯೂ ದುಡ್ಡೂ ಬಂದವು. ಆದರೆ ನೀರು ನಿಂತ ಗದ್ದೆಯಲ್ಲಿ ಅಕ್ಕಡಿ ಸಾಲಿಗೆ ಜಾಗವಿಲ್ಲ, ಪುಂಡಿಗೂ ಹಕ್ಕರಕಿಗೂ ಜಾಗವಿಲ್ಲ.

ಅರವತ್ತರ ದಶಕದ ಮಧ್ಯದಲ್ಲಿ ದೇಶವೇ ಕಾಳಿಗಾಗಿ ಕೈಚಾಚಿತ್ತು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಲು ಕರೆಯಿತ್ತರು. ಅಮೆರಿಕದಿಂದ ಪಿ.ಎಲ್. 480 ಒಪ್ಪಂದದಡಿ ಧಾನ್ಯ ಬಂತು. ಶಾಲೆಗಳಿಗೆ ‘ಕೇರ್’ ಉಪ್ಪಿಟ್ಟು ಬಂತು. 1964ರಲ್ಲಿ ಬಿಡುಗಡೆಯಾದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್.–1 ಮತ್ತು ಅದರ ನಂತರದವು ಇಳುವರಿ ಕೊಟ್ಟವು. ಆದರೆ ರುಚಿಯಲ್ಲಿ ನಮ್ಮ ಹಿಂಗಾರಿ ಬಿಳಿಜೋಳಕ್ಕೆ ಸಮನಾಗಲಿಲ್ಲ.

ಬಳಿಕ ಪಡಿತರದ ಅಕ್ಕಿ. 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆಯಡಿ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ದೊರೆಯಿತು. 2023ರಿಂದ ಕೇಂದ್ರದ ಪಾಲಿನ ಧಾನ್ಯವೂ ಉಚಿತ. ಇದನ್ನು ಹಗುರವಾಗಿ ಕಾಣುವವರು ಹಸಿವನ್ನು ಕಂಡವರಲ್ಲ. ಟೆಂಪಲ್ಲರ ಒಂದು ಪೌಂಡಿನ ಚರಿತ್ರೆ ಬಲ್ಲ ನಾನು ಅಕ್ಕಿಯ ಚೀಲವನ್ನು ಗೌರವದಿಂದಲೇ ನೋಡುತ್ತೇನೆ. ಆದರೆ ಲೆಕ್ಕದ ಇನ್ನೊಂದು ಸಾಲನ್ನೂ ಓದಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರಿನಂಶ ಸುಮಾರು 2.8 ಗ್ರಾಂ, ಕಬ್ಬಿಣ 0.65 ಮಿಲಿಗ್ರಾಂ, ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಕಬ್ಬಿಣ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ ಕಬ್ಬಿಣ 6 ಮಿಲಿಗ್ರಾಂಗೂ ಮಿಗಿಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿತು. ಇದಕ್ಕೆ ಕಾರಣಗಳು ಹಲವು, ಅಕ್ಕಿಯೊಂದನ್ನೇ ದೂರುವಂತಿಲ್ಲ. ಆದರೆ ಅನ್ನ ಮತ್ತು ತಿಳಿಸಾರಿನ ತಾಟು ಇದಕ್ಕೆ ಪರಿಹಾರವಲ್ಲ ಎಂಬುದು ನಿಶ್ಚಯ. ವಿಪರ್ಯಾಸವೆಂದರೆ, ಬಡವರ ಧಾನ್ಯವೆನಿಸಿದ್ದ ಜೋಳ ಇಂದು ಸಂತೆಯಲ್ಲಿ ದುಬಾರಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪೇಟೆಯ ಅಂಗಡಿಗಳಲ್ಲಿ ಅದಕ್ಕೆ ಹೊಸ ಮರ್ಯಾದೆ.

ಅನ್ನ ಕೆಡುವುದು ಹೆಚ್ಚಾದದ್ದಕ್ಕೂ ಕಾರಣ ಇದೇ ಚರಿತ್ರೆಯಲ್ಲಿದೆ. ನಮ್ಮ ಜನ ಒಮ್ಮೆಲೇ ಉಡಾಫೆಯವರಾಗಲಿಲ್ಲ; ಸರಪಳಿಯ ಕೊಂಡಿಗಳು ಕಳಚಿದವು. ರೊಟ್ಟಿ ಒಣಗಿದರೆ ಬುತ್ತಿ, ಅನ್ನ ಉಳಿದರೆ ಮರುದಿನಕ್ಕೆ ಹಳಸು. ಎಮ್ಮೆ ಮಾರಿದ ಮನೆಗೆ ಕಲಗಚ್ಚಿನ ಬಾನಿ ಬೇಡ, ತಿಪ್ಪೆಗೆ ಜಾಗವಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರವನ್ನು ವ್ಯರ್ಥಮಾಡಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದೇ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಎಂದು ಅಂದಾಜು. ಅಂದರೆ ದಿನಕ್ಕೆ ಒಬ್ಬರಿಗೆ 150 ಗ್ರಾಂ. ಟೆಂಪಲ್ ಕೂಲಿಯ ಮೂರರಲ್ಲೊಂದು ಪಾಲಿನಷ್ಟು ತೂಕ!

ಹಗೇವನ್ನು ಮತ್ತೆ ತೋಡಬೇಕೆಂದು ನಾನು ಹೇಳುವುದಿಲ್ಲ. ಬೀಸುಕಲ್ಲಿಗೆ ಮರಳಿರೆಂದಂತೂ ಹೇಳಲಾರೆ. ಗಿರಣಿ ಬಂದದ್ದು ಹೆಣ್ಣುಮಕ್ಕಳಿಗೆ ನಿಜವಾದ ಬಿಡುಗಡೆ. ಆದರೆ ಹಳೆಯ ಲೆಕ್ಕದಲ್ಲಿ ಉಳಿಸಿಕೊಳ್ಳಬಹುದಾದುದು ಬಹಳಷ್ಟಿದೆ. ಪಡಿತರದ ಅಕ್ಕಿ ಒಂದು ಹೊತ್ತಿಗಿರಲಿ, ಇನ್ನೊಂದು ಹೊತ್ತಿಗೆ ಜೋಳ ಅಥವಾ ಸಜ್ಜೆ. ಅಕ್ಕಿಯಿಂದ ಉಳಿದ ಹಣ ತೊಗರಿ, ಹೆಸರು, ಹುರುಳಿಗೆ ಹೋಗಲಿ. ಸಂತೆಯಲ್ಲಿ ಋತುವಿನ ಸೊಪ್ಪು ಕೊಳ್ಳಿರಿ. ಪುಂಡಿ, ರಾಜಗಿರಿ, ಮೆಂತ್ಯೆ ಇಂದಿಗೂ ಅಗ್ಗ. ಕಾಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಬಿಗಿ ಡಬ್ಬಿಯಲ್ಲಿಟ್ಟು, ಹದಿನೈದು ದಿನಕ್ಕಾಗುವಷ್ಟನ್ನೇ ಗಿರಣಿಗೆ ಕಳುಹಿಸಿರಿ. ವಾರಕ್ಕೊಮ್ಮೆ ನಾಲ್ಕು ರೊಟ್ಟಿ ಹೆಚ್ಚು ಬಡಿದು ಒಣಗಿಸಿರಿ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಬರುವ ಲಕ್ಷಾಂತರ ಖಡಕ್ ರೊಟ್ಟಿಗಳು ದಾಸೋಹವನ್ನು ನಡೆಸಬಲ್ಲವಾದರೆ ನಮ್ಮ ಮನೆಯ ಒಂದು ರಾತ್ರಿಯ ಊಟವನ್ನು ನಡೆಸಲಾರವೇ?

ಶಾಲೆಯಲ್ಲಿ ಕಲಿತ ಒಂದು ಉಪಾಯವನ್ನೂ ಹೇಳುತ್ತೇನೆ. 2002ರ ಜೂನ್ ತಿಂಗಳಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಆರಂಭದಲ್ಲಿ ತಾಟು ತುಂಬ ಬಡಿಸುತ್ತಿದ್ದರು, ಅರ್ಧ ಉಳಿಯುತ್ತಿತ್ತು. ಸಾಲಿನಲ್ಲಿ ಎರಡು ಸಲ ಹೋಗಿ ಸ್ವಲ್ಪ ಸ್ವಲ್ಪವಾಗಿ ಬಡಿಸುವ ಕ್ರಮ ಮಾಡಿದ ಮೇಲೆ ಮಕ್ಕಳು ಹೆಚ್ಚು ಉಂಡರು, ಚೆಲ್ಲಿದ್ದು ಕಡಿಮೆಯಾಯಿತು.

ಕಡೆಯದಾಗಿ, ಇಂದು ಸಂಸಾರ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ರಾತ್ರಿ ಉಳಿದ ಅನ್ನ ನಿಮ್ಮ ಮನೆಯಲ್ಲಿ ಯಾರ ತಾಟಿಗೆ ಹೋಗುತ್ತಿದೆ ಎಂದು ಒಂದು ವಾರ ಗಮನಿಸಿರಿ. ಯಾವಾಗಲೂ ಒಬ್ಬರದೇ ತಾಟಾಗಿದ್ದರೆ ಲೆಕ್ಕ ಇನ್ನೂ ಸರಿಯಾಗಿಲ್ಲ. ಎಲ್ಲರೂ ಕೂಡಿ ಕುಳಿತು, ಬಿಸಿಯಾದದ್ದನ್ನೂ ತಂಗಳಾದದ್ದನ್ನೂ ಸಮನಾಗಿ ಹಂಚಿಕೊಂಡು ಉಣ್ಣುವ ಮನೆಯಲ್ಲಿ ಅನ್ನ ತಾನಾಗಿಯೇ ಉಳಿಯುವುದು ಕಡಿಮೆಯಾಗುತ್ತದೆ.