ಮೇಲ್ಮನೆಯ ಬಚ್ಚಲು, ಕೆಳಮನೆಯ ನಿದ್ದೆ: ಜುರಾಂಗ್ ವೆಸ್ಟ್‌ನ ಹಳೆಯ ಫ್ಲ್ಯಾಟುಗಳಲ್ಲಿ ಸದ್ದು ತಗ್ಗಿಸುವ ಬಗೆ

ದೀಪಾವಳಿಯ ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಮರುದಿನ ಬೆಳಕು ಹರಿಯುವ ಮುನ್ನ ಎಣ್ಣೆಸ್ನಾನ. ಊರಿನ ಬಚ್ಚಲುಮನೆಯಲ್ಲಿ ಚೊಂಬು ಕೈಜಾರಿದರೆ ಆ ಸದ್ದು ನೆಲದಡಿಯ ಮಣ್ಣಿನಲ್ಲಿ ಅಡಗಿಹೋಗುತ್ತದೆ. ಜುರಾಂಗ್ ವೆಸ್ಟ್‌ನ ಹನ್ನೊಂದನೆಯ ಅಂತಸ್ತಿನಲ್ಲಿ ಕೈಜಾರಿದರೆ ಹತ್ತನೆಯ ಅಂತಸ್ತಿನವರು ಎದ್ದು ಕೂರುತ್ತಾರೆ. ನೆರೆಹೊರೆಯ ಸದ್ದಿನ ಕುರಿತ ಸಲಹಾ ಸಮಿತಿಯೊಂದು ಸಿಂಗಪುರದಲ್ಲಿ ರಾತ್ರಿ 10ರಿಂದ ಬೆಳಗ್ಗೆ 8ರವರೆಗೆ ನಿಶ್ಶಬ್ದದ ಹೊತ್ತಿರಲೆಂದು ಶಿಫಾರಸು ಮಾಡಿದೆ. ನಮ್ಮ ಅಭ್ಯಂಜನ ಆ ಅವಧಿಯೊಳಗೇ ಬೀಳುತ್ತದೆ.

ಇಲ್ಲಿನ ಹಳೆಯ ಫ್ಲ್ಯಾಟುಗಳು 1960ರಲ್ಲಿ ಸ್ಥಾಪನೆಯಾದ ಗೃಹನಿರ್ಮಾಣ ಮಂಡಳಿ, ಅಂದರೆ ಎಚ್‌ಡಿಬಿ, ಕಟ್ಟಿಸಿದವು. ಅವುಗಳ ದುರಸ್ತಿಗೆಂದು 2007ರಲ್ಲಿ ಘೋಷಿಸಲಾದ ಹೋಮ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ ಮೊದಲು 1986ರವರೆಗಿನ ಕಟ್ಟಡಗಳಿಗೆ ಸೀಮಿತವಾಗಿತ್ತು. ಅನಂತರ 1997ರವರೆಗಿನವುಗಳಿಗೂ ವಿಸ್ತರಿಸಿತು. ಅದರಲ್ಲಿ ಬಚ್ಚಲಿನ ನವೀಕರಣ ಐಚ್ಛಿಕ. ಯೋಜನೆಯಡಿ ಹೊಸ ಬಚ್ಚಲು ಪಡೆದವರು ಸದ್ದಿನ ನೆಪದಲ್ಲಿ ಕೂಡಲೇ ಅದನ್ನು ಒಡೆಯಹೊರಡುವುದು ಜಾಣತನವಲ್ಲ. ಹಳೆಯ ನೆಲವನ್ನು ಹೇಗೂ ಕಿತ್ತು ಹಾಕಬೇಕಾಗಿ ಬಂದವರಿಗೆ ಮಾತ್ರ ಮುಂದಿನ ಮಾತು.

ಬಚ್ಚಲಿನಿಂದ ಕೆಳಗಿಳಿಯುವ ಸದ್ದು ಒಂದೇ ಬಗೆಯದಲ್ಲ. ಬಕೆಟ್ಟಿನ ಎಳೆತ, ಮಣೆಯ ಕುಟ್ಟು, ಚೊಂಬಿನ ಬಡಿತ ಇವೆಲ್ಲ ಆಘಾತದ ಸದ್ದುಗಳು. ಕಾಂಕ್ರೀಟನ್ನೇ ನಡುಗಿಸಿ ಕೆಳಮನೆಯ ಚಾವಣಿಯನ್ನು ಧ್ವನಿಪೆಟ್ಟಿಗೆಯಾಗಿಸುತ್ತವೆ. ಪ್ರಯೋಗದಲ್ಲಿ ಇದನ್ನಳೆಯಲು ತಲಾ 500 ಗ್ರಾಮಿನ ಐದು ಸುತ್ತಿಗೆಗಳನ್ನು 40 ಮಿಲಿಮೀಟರ್ ಎತ್ತರದಿಂದ ಬೀಳಿಸುವ ಯಂತ್ರವಿದೆ. ಮಾತು, ಹಾಡು ಗಾಳಿಯಲ್ಲಿ ಸಾಗುವ ಸದ್ದುಗಳು. ಅವನ್ನು ಭಾರವಾದ ಕಾಂಕ್ರೀಟು ಮಟ್ಟಿಗೆ ತಡೆಯುತ್ತದೆ. ಮೂರನೆಯದು ಕೊಳವೆಯೊಳಗೆ ಧುಮುಕುವ ನೀರಿನದು.

ಆಘಾತದ ಸದ್ದಿಗೆ ಪುಸ್ತಕಗಳು ಹೇಳುವ ಮದ್ದು ‘ತೇಲುವ ನೆಲ’. ಕಾಂಕ್ರೀಟಿನ ಮೇಲೆ ಸ್ಥಿತಿಸ್ಥಾಪಕ ಹಾಸು, ಅದರ ಮೇಲೆ ಗೋಡೆಗೆಲ್ಲೂ ತಗುಲದಂತೆ ಸಿಮೆಂಟ್–ಮರಳಿನ ಸ್ಕ್ರೀಡ್. ತೊಡಕು ಇರುವುದು ದಪ್ಪದಲ್ಲಿ. ಮೆತ್ತನೆಯ ಹಾಸಿನ ಮೇಲಿನ ಸ್ಕ್ರೀಡ್ ಬಿರುಕು ಬಿಡದಿರಲು ಮನೆಗಳಲ್ಲಿ ಕನಿಷ್ಠ 65 ಮಿಮೀ ಇರಬೇಕೆನ್ನುತ್ತದೆ ಬ್ರಿಟಿಷ್ ಮಾನದಂಡ. ಎಚ್‌ಡಿಬಿ ಫ್ಲ್ಯಾಟಿನಲ್ಲಾದರೋ ಸ್ಕ್ರೀಡ್, ಟೈಲ್ಸ್ ಎಲ್ಲ ಸೇರಿ 50 ಮಿಮೀ ಮೀರುವಂತಿಲ್ಲ. ಎಂದರೆ ಪುಸ್ತಕದ ತೇಲುವ ನೆಲಕ್ಕೆ ಇಲ್ಲಿ ಜಾಗವೇ ಇಲ್ಲ. ಗುತ್ತಿಗೆದಾರರು ತೆಳುವಾದ ಸ್ಕ್ರೀಡಿನಡಿ ರಬ್ಬರ್ ಹಾಸಿ ಕೊಡುತ್ತೇವೆಂದರೆ ಒಪ್ಪಬಾರದು. ಸ್ಕ್ರೀಡ್ ಬಿರಿದರೆ ಅದರೊಂದಿಗೆ ಮೇಲಿನ ಜಲನಿರೋಧಕ ಪದರವೂ ಬಿರಿಯುತ್ತದೆ.

ಉಳಿಯುವ ದಾರಿ ಟೈಲ್ಸಿನ ಅಡಿಗೇ ಅಂಟಿಸುವ, ಒದ್ದೆಯ ಜಾಗಕ್ಕೆಂದೇ ತಯಾರಿಸಿದ, ನೀರು ಹೀರದ 3ರಿಂದ 5 ಮಿಮೀ ಹಾಸು. ಮೊದಲು ಕಾಂಕ್ರೀಟಿನ ಮೇಲೆ, ಗೋಡೆಗೂ ಏರುವಂತೆ, ಜಲನಿರೋಧಕ ಪೊರೆ. ಬಳಿಕ ಇಳಿಜಾರಿನ ಸ್ಕ್ರೀಡ್. ಅದಕ್ಕೆ ಇನ್ನೊಂದು ಜಲನಿರೋಧಕ ಲೇಪ. ಆಮೇಲೆ ಹಾಸು ಮತ್ತು ಬಾಗುವ ಗುಣದ ಅಂಟಿನಲ್ಲಿ ಟೈಲ್ಸ್. ಲೆಕ್ಕ ಹಾಕಿದರೆ ಸ್ಕ್ರೀಡ್ 30, ಹಾಸು 5, ಅಂಟು 5, ಟೈಲ್ಸ್ 10: ಸರಿಯಾಗಿ 50. ಹಳೆಯ ಟೈಲ್ಸನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಕೂರಿಸುವವರಿಗೆ ಈ ಲೆಕ್ಕ ಕೂಡುವುದು ಕಷ್ಟ. ನೆಲ ಗೋಡೆಯನ್ನು ಸೇರುವ ಅಂಚಿನಲ್ಲಿ ಗಟ್ಟಿ ಗಾರೆ ತುಂಬದೆ ಸಿಲಿಕೋನ್ ತುಂಬಬೇಕು. ಬೆರಳಗಲದ ಗಾರೆಯ ಸೇತುವೆ ಸಾಕು, ಬಡಿತ ಗೋಡೆಗೆ ದಾಟುತ್ತದೆ. ಇಷ್ಟಾದರೂ ತಗ್ಗುವುದು ಚೊಂಬಿನ ಕಿರಿದಾದ ಟಣತ್ಕಾರವೇ ಹೊರತು ಭಾರದ ದಡಬಡವಲ್ಲ.

ಕೊಳವೆಯ ಸದ್ದಿಗಂತೂ ಈ ನೆಲ ಏನನ್ನೂ ಮಾಡಲಾರದು. ಹಳೆಯ ಫ್ಲ್ಯಾಟುಗಳಲ್ಲಿ ನಮ್ಮ ಬಚ್ಚಲಿನ ಕೊಳವೆಗಳು ಕೆಳಮನೆಯವರ ಬಚ್ಚಲಿನ ಚಾವಣಿಯಡಿ ತೂಗುತ್ತಿರುತ್ತವೆ. ನಡುರಾತ್ರಿಯ ಫ್ಲಶ್ ಅವರಿಗೆ ಕೇಳುವುದು ಅಲ್ಲಿಂದಲೇ. ಅದಕ್ಕೆ ಉಪಾಯ ಅವರ ಮನೆಯಲ್ಲೇ ಆಗಬೇಕು: ಕೊಳವೆಗೆ ಸ್ಪಂಜಿನ ಪದರ, ಅದರ ಮೇಲೆ ಭಾರದ ಹೊದಿಕೆ, ಹಿಡಿಕೆಗಳಿಗೆ ರಬ್ಬರು, ತೆರೆದು ನೋಡಲು ಬಾಗಿಲಿರುವ ಫಾಲ್ಸ್ ಸೀಲಿಂಗ್. ನನ್ನ ಅಭಿಪ್ರಾಯದಲ್ಲಿ ಹಣವನ್ನು ಮೊದಲು ಇಲ್ಲಿಗೇ ಹಾಕುವುದು ಲೇಸು, ಅದು ಮೇಲ್ಮನೆಯವರ ಕಿಸೆಯಿಂದಾದರೂ ಸರಿ. ಚಾವಣಿ ಸೋರಿದರೆ ದುರಸ್ತಿಯ ಹೊಣೆ ಮೇಲಿನವರು, ಕೆಳಗಿನವರು ಇಬ್ಬರದೂ ಆಗಿರುವ ಈ ನಾಡಿನಲ್ಲಿ ಅದು ಅಪರೂಪದ ಮಾತೇನಲ್ಲ.

ನೆಲ ಕೀಳಲು ಎಚ್‌ಡಿಬಿಯ ಅನುಮತಿ ಬೇಕು, ಅದರಲ್ಲಿ ನೋಂದಾಯಿತ ಗುತ್ತಿಗೆದಾರರೇ ಆಗಬೇಕು. ಒಡೆಯುವ ಕೆಲಸ ವಾರದ ದಿನಗಳಲ್ಲಿ ಬೆಳಗ್ಗೆ 9ರಿಂದ ಸಂಜೆ 5ರೊಳಗೆ ಮಾತ್ರ. ಶನಿವಾರ, ಭಾನುವಾರ, ಸಾರ್ವಜನಿಕ ರಜೆಗಳಂದು ಇಲ್ಲ. ಟೈಲ್ಸ್ ಕೂರಿಸುವ ಮುನ್ನ 24 ಗಂಟೆ ನೀರು ನಿಲ್ಲಿಸಿ ಪೊರೆಯನ್ನು ಪರೀಕ್ಷಿಸಬೇಕು. ಆ ಹೊತ್ತಿನಲ್ಲಿ ಚಾವಣಿ ಒದ್ದೆಯಾಯಿತೇ ಎಂದು ನೋಡಿ ಹೇಳಬೇಕಾದವರು ಕೆಳಮನೆಯವರೇ. ಆದ್ದರಿಂದ ಅವರ ಬಾಗಿಲು ತಟ್ಟುವುದು ಕೆಲಸ ಶುರುವಾಗುವ ಮೊದಲೇ ಆಗಬೇಕು.

ಹಬ್ಬದ ಮಟ್ಟಿಗಾದರೆ ಮಣೆಯ ಕಾಲಿಗೆ ರಬ್ಬರು, ಬಕೆಟ್ಟಿನಡಿ ದಪ್ಪ ಚಾಪೆ, ತಾಮ್ರದ ಚೊಂಬಿನ ಬದಲು ಪ್ಲಾಸ್ಟಿಕ್ಕಿನದು ಸಾಕು. ನೀರನ್ನಂತೂ ಸಂಪ್ರದಾಯದಂತೆ ಹಿಂದಿನ ಸಂಜೆಯೇ ತುಂಬಿಟ್ಟಿರುತ್ತೇವೆ. ನಸುಕಿನಲ್ಲಿ ನಲ್ಲಿ ತಿರುಗಿಸುವ ಕೆಲಸವಿಲ್ಲ.